ಸ್ಕೂಟರ್ ಹನ್ನೆರಡು ನಿಮಿಷ ಓಡಿ ಸುಸ್ತಾಗುತ್ತದೆ. ಎಲ್ಲಾ ಬದಲಿಸಿ ಆಯ್ತು, ಇನ್ನೇನು ನೋಡಲಿ?

ಧನಕವಡಿ ಸೊಸೆ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಪುಣೆಯವರು ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಗಾಡಿ 110 ಸಿಸಿ ಸ್ಕೂಟರ್, 2015ರದ್ದು, ಕಾರ್ಬೊರೇಟರ್ ಇರುವಂಥದ್ದು. 46,000 ಕಿ.ಮೀ. ಓಡಿದೆ. ಇರುವುದು ಮಾವನವರ ಹೆಸರಲ್ಲಿ, ಓಡಿಸುವುದು ನಾನು. ಮನೆ ಧನಕವಡಿಯಲ್ಲಿ, ನಾನು ಪಾಠ ಮಾಡುವ ಶಾಲೆ ಕೊಂಢವಾ ಕಡೆ.

ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಕಾತ್ರಜ್ ಚೌಕದ ತನಕ ಏನೂ ತೊಂದರೆ ಇಲ್ಲ. ಅಲ್ಲಿಂದ ಕೊಂಢವಾ ರಸ್ತೆಯ ಏರು ಶುರುವಾಯಿತು ಅನ್ನುವಷ್ಟರಲ್ಲಿ ಗಾಡಿಗೆ ಉಸಿರೇ ಇರುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ 25 ದಾಟುವುದಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಬಂದ್. ಹಿಂದಿನವರ ಹಾರ್ನ್ ಕೇಳುತ್ತಾ ಸೀರೆ ಎತ್ತಿಕೊಂಡು ಗಾಡಿ ತಳ್ಳುವುದು ನನಗೀಗ ರೂಢಿಯಾಗಿದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಹೊರಡುತ್ತದೆ.

ನಾಲ್ಕು ತಿಂಗಳಿಂದ ಇದೇ ಕಥೆ. ಪ್ಲಗ್ ಎರಡು ಸಲ ಹೊಸದು ಹಾಕಿಸಿದೆ. ಏರ್ ಫಿಲ್ಟರ್, ಪೆಟ್ರೋಲ್ ಪೈಪ್, ಸಿಡಿಐ (ಕಿಡಿ ಯಾವಾಗ ಬರಬೇಕೆಂದು ನೋಡಿಕೊಳ್ಳುವ ಡಬ್ಬಿ) ಎಲ್ಲಾ ಹೊಸದು. ಕಾರ್ಬೊರೇಟರ್ ಮೂರು ಸಲ ತೊಳೆಸಿದೆ. ಗ್ಯಾರೇಜಿನ ಹುಡುಗ ಪ್ರತಿ ಸಲ ‘ಕಚರಾ ಆಹೆ, ತಾಈ’ (ಕಸ ಇದೆ, ಅಕ್ಕಾ) ಅಂತ ಅದನ್ನು ಬಿಚ್ಚಿ ಊದುತ್ತಾನೆ. ಅಷ್ಟು ಕಸ ನಮ್ಮ ಸೊಸೈಟಿಯ ಡಬ್ಬಿಯಲ್ಲೂ ಇರಲಿಕ್ಕಿಲ್ಲ. ಗ್ಯಾರೇಜಿಂದ ತಂದ ದಿನ ಚೆನ್ನಾಗಿರುತ್ತದೆ, ಮರುದಿನ ಮತ್ತೆ ಶುರು. ಇಲ್ಲಿಯವರೆಗೆ 4,200 ರೂಪಾಯಿ ಹೋಗಿದೆ. ಮಾವ ಮಾರಿಬಿಡೋಣ ಅನ್ನುತ್ತಾರೆ. ಒಬ್ಬ 8,000ಕ್ಕೆ ಕೇಳಿಯೂ ಹೋದ.

ಬ್ಯಾಟರಿ ಹಳೆಯದು, ಹಾಗಾಗಿ ಸೆಲ್ಫ್ ಮುಟ್ಟುವುದಿಲ್ಲ, ಕಿಕ್ಕೇ. ಬೆಳಿಗ್ಗೆ ಕಿಕ್ ಹೊಡೆಯಲು ಕಾಲು ನೋಯುತ್ತದೆ, ದಾರಿಯಲ್ಲಿ ನಿಂತಾಗ ಮಾತ್ರ ಹೂವಿನಷ್ಟು ಹಗುರ. ಅಷ್ಟೇ ಪುಣ್ಯ.

ಮನೆಯಲ್ಲಿ ಸ್ಪ್ಯಾನರ್ ಸೆಟ್ ಇದೆ. ಹೇಳಿದ್ದನ್ನು ಮಾಡುವ ಧೈರ್ಯವೂ ಇದೆ. ಎಲ್ಲಿಂದ ಶುರು ಮಾಡಲಿ?

ಹಿಂಜವಡಿ ಹಾರಾಟ · ಶನಿವಾರ ರಾತ್ರಿ

ಅಕ್ಕಾ, ಕಣ್ಣು ಮುಚ್ಚಿ ಹೇಳುತ್ತೇನೆ, ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್. ತಣ್ಣಗಿದ್ದಾಗ ಸರಿ ಇರುತ್ತದೆ, ಬಿಸಿಯಾದರೆ ಒಳಗಿನ ತಂತಿ ಕೈಕೊಡುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ನನ್ನ ಹಳೇ ಬೈಕಿಗೆ ಇದೇ ಆಗಿತ್ತು. ನಾನಾ ಪೇಠದಲ್ಲಿ ಕಾಯಿಲ್ ಸಿಗುತ್ತದೆ, ಹಾಕಿ ನೋಡಿ. ಅದರ ಜೊತೆಗೇ ಇರಿಡಿಯಂ ಪ್ಲಗ್ ಹಾಕಿದರೆ ಇನ್ನೂ ಒಳ್ಳೆಯದು.

ಕ್ಯಾಂಪ್ ಕಾಫಿ · ಭಾನುವಾರ ಬೆಳಿಗ್ಗೆ

ಸುಮ್ನೆ ಕಾಯಿಲ್‌ಗೆ ದುಡ್ಡು ಹಾಕಬೇಡಿ ಮೇಡಂ. ನಮ್ಮ ಹೋಟೆಲಿನಲ್ಲಿ ಪಾರ್ಸೆಲ್‌ಗೆ ಐದು ಸ್ಕೂಟರ್ ಓಡುತ್ತವೆ. ಇಂಥ ಲಕ್ಷಣಕ್ಕೆ ನಾವು ಮೊದಲು ನೋಡುವುದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಒಳಗೆ ಹೋಗಲು ಒಂದು ಸಣ್ಣ ದಾರಿ ಇರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಕೆಳಗಿಳಿದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಪೆಟ್ರೋಲ್ ಬರುವುದು ನಿಧಾನವಾಗುತ್ತಾ ನಿಲ್ಲುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗಳಗಳ ಅಂತ ನಿಂತು ನಿಂತು ಬರುತ್ತದಲ್ಲ, ಹಾಗೆ. ಮುಂದಿನ ಸಲ ನಿಂತಾಗ ಮುಚ್ಚಳ ತೆಗೆದು ಹಾಕಿ. ‘ಸುಯ್’ ಅಂತ ಸದ್ದು ಬಂದು ಗಾಡಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ. ಖರ್ಚು ಸೊನ್ನೆ.

ಮಾಂಡವಿ ತೀರ · ಭಾನುವಾರ ಬೆಳಿಗ್ಗೆ

ಗೋವಾದಿಂದ ಒಂದು ಮಾತು. ನಮ್ಮಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳ ಕಾಟ. ತೂತು ಕಂಡರೆ ಸಾಕು, ಮಣ್ಣು ಮೆತ್ತುತ್ತವೆ. ನನ್ನ ಗಾಡಿಯ ಟ್ಯಾಂಕಿನ ಗಾಳಿ ಪೈಪಿನಲ್ಲಿ ಒಂದು ಸಂಸಾರವೇ ಇತ್ತು. ತಂತಿ ತೂರಿಸಿ ನೋಡಿ.

ಖಡಕಿ ಖಾರ · ಭಾನುವಾರ ಮಧ್ಯಾಹ್ನ

ಯಾಕ್ರೀ ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳುತ್ತೀರಿ? ಎಲ್ಲಾ ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್ ಮಾಡಿದ್ದು. ಕಬ್ಬಿನ ಹಾಲು ಕುಡಿಸಿದರೆ ಇಂಜಿನ್ ಓಡುತ್ತಾ? ಹಳೇ ಗಾಡಿ ಎಲ್ಲಾ ಗುಜರಿಗೆ ಹೋಗಲಿ ಅಂತಾನೇ ತಂದಿದ್ದು.

ಪಿಂಪ್ರಿ ಮೇಷ್ಟ್ರು · ಭಾನುವಾರ ಮಧ್ಯಾಹ್ನ

ಖಡಕಿಯವರೇ, ಸ್ವಲ್ಪ ತಡೆಯಿರಿ. ಇ20 ಮಾರಾಟ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಹಳೆಯ ಗಾಡಿಯ ರಬ್ಬರ್ ಪೈಪು, ವಾಷರ್ ಬೇಗ ಹಾಳಾಗಬಹುದು. ಇದೆಲ್ಲಾ ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಹನ್ನೆರಡು ನಿಮಿಷ ಸುಮ್ಮನಿದ್ದು ಆಮೇಲೆ ಮಾತ್ರ ಕಾಡುವ ಪೆಟ್ರೋಲನ್ನು ನಾನು ನೋಡಿಲ್ಲ. ಟ್ಯಾಂಕಿನಲ್ಲಿರುವುದು ಎರಡು ಹೊತ್ತೂ ಅದೇ ಪೆಟ್ರೋಲ್ ಅಲ್ವಾ?

ಧನಕವಡಿಯವರೇ, ನಿಮ್ಮ ಮೊದಲ ಪೋಸ್ಟಿನಲ್ಲಿ ಒಂದು ಸಾಲು ನನಗೆ ಕಚ್ಚಿಕೊಂಡಿದೆ. ಈಗ ಹೇಳುವುದಿಲ್ಲ. ಕ್ಯಾಂಪ್‌ನವರು ಹೇಳಿದ ಮುಚ್ಚಳ ಮೊದಲು ನೋಡಿ ಬನ್ನಿ.

ಧನಕವಡಿ ಸೊಸೆ · ಭಾನುವಾರ ಸಂಜೆ

ಸಿಕ್ಕಿತು! ಮಗನನ್ನು ಹಿಂದೆ ಕೂರಿಸಿಕೊಂಡು ಬೇಕಂತಲೇ ಅದೇ ಏರಿಗೆ ಹೋದೆ. ಎಂದಿನಂತೆ ನಿಂತಿತು. ಗಾಡಿ ಪಕ್ಕಕ್ಕೆ ತಳ್ಳಿ, ಸ್ಟ್ಯಾಂಡ್ ಹಾಕಿ, ಸೀಟ್ ಎತ್ತಿ, ಮುಚ್ಚಳ ತೆಗೆದೆ. ಸುಯ್ ಅನ್ನುವ ಸದ್ದೇನೂ ಕೇಳಲಿಲ್ಲ, ಟ್ರಾಫಿಕ್ ಗದ್ದಲ ಇತ್ತು. ಮುಚ್ಚಳವನ್ನು ಊದಿ, ಒರೆಸಿ ಹಾಕಿದೆ. ಎರಡನೇ ಕಿಕ್ಕಿಗೆ ಸ್ಟಾರ್ಟ್! ಮನೆ ತನಕ ಎಲ್ಲೂ ನಿಲ್ಲಲಿಲ್ಲ. ಕ್ಯಾಂಪ್ ಕಾಫಿಯವರೇ, ನಿಮಗೆ ಒಂದು ಫಿಲ್ಟರ್ ಕಾಫಿ ಬಾಕಿ. ನಿಮ್ಮ ಹೋಟೆಲಿನಲ್ಲೇ ಕುಡಿಸುತ್ತೇನೆ.

ಪಿಂಪ್ರಿ ಮೇಷ್ಟ್ರು · ಭಾನುವಾರ ಸಂಜೆ

ಮುಚ್ಚಳ ತೆಗೆದದ್ದಕ್ಕೆ ಹೊರಟಿತೋ, ಅಷ್ಟು ಹೊತ್ತು ನಿಂತದ್ದಕ್ಕೆ ಹೊರಟಿತೋ? ತಳ್ಳಿ, ಸ್ಟ್ಯಾಂಡ್ ಹಾಕಿ, ಊದಿ, ಒರೆಸಲು ಎಷ್ಟು ನಿಮಿಷ ಆಯಿತು ಹೇಳಿ.

ಧನಕವಡಿ ಸೊಸೆ · ಭಾನುವಾರ ಸಂಜೆ

ಅಯ್ಯೋ ಸರ್. ನಡುವೆ ಮಗನಿಗೆ ಕಲ್ಲಂಗಡಿ ಕೊಡಿಸಿದೆ. ಹತ್ತು ನಿಮಿಷವಂತೂ ಆಗಿದೆ.

ಪಿಂಪ್ರಿ ಮೇಷ್ಟ್ರು · ಭಾನುವಾರ ರಾತ್ರಿ

ಹಾಗಾದರೆ ಕಾಫಿ ಇನ್ನೂ ಕುಡಿಸಬೇಡಿ. ನಾಳೆ ಉಲ್ಟಾ ಮಾಡಿ. ಮನೆಯಿಂದ ಹೊರಡುವಾಗಲೇ ಮುಚ್ಚಳ ಸಡಿಲ ಇಟ್ಟುಕೊಂಡು ಓಡಿಸಿ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರಲಿ, ಪೆಟ್ರೋಲ್ ತುಳುಕಬಾರದು. ಆಗಲೂ ಅದೇ ಜಾಗದಲ್ಲಿ ನಿಂತರೆ ಮುಚ್ಚಳದ ತಪ್ಪಿಲ್ಲ.

ಗ್ಯಾರೇಜಿಂದ ತಂದ ದಿನ ಚೆನ್ನಾಗಿರುತ್ತದೆ ಅಂದಿರಿ. ಅಲ್ಲಿ ಗಾಡಿ ಅರ್ಧ ದಿನ ತಣ್ಣಗೆ ನಿಂತಿರುತ್ತದೆ. ಗ್ಯಾರೇಜಿನಿಂದ ಮನೆಗೆ ಎಷ್ಟು ದೂರ?

ಧನಕವಡಿ ಸೊಸೆ · ಸೋಮವಾರ ರಾತ್ರಿ

ಗ್ಯಾರೇಜ್ ಮನೆಯ ಹಿಂದಿನ ಗಲ್ಲಿ. ಮೂರು ನಿಮಿಷದ ದಾರಿ. ಅದರಲ್ಲೂ ಆ ಸಂಜೆ ಗಾಡಿ ತಂದು ನಿಲ್ಲಿಸಿಬಿಡುತ್ತೇವೆ. ‘ಇವತ್ತು ಚೆನ್ನಾಗಿದೆ’ ಅಂದುಕೊಂಡದ್ದು ಬರೀ ಆ ಮೂರು ನಿಮಿಷವನ್ನು ನೋಡಿ. ನಗು ಬರುತ್ತಿದೆ, ಅಳುವೂ.

ಇವತ್ತು ಮುಚ್ಚಳ ಸಡಿಲ ಬಿಟ್ಟು ಹೋದೆ. ಅದೇ ಜಾಗ, ಅದೇ ಸುಸ್ತು. ಮುಚ್ಚಳ ನಿರಪರಾಧಿ.

ಕ್ಯಾಂಪ್ ಕಾಫಿ · ಸೋಮವಾರ ರಾತ್ರಿ

ಕಾಫಿ ಹೋಯಿತು ಅನ್ನಿ. ಪರವಾಗಿಲ್ಲ, ಗಾಡಿ ಸರಿಯಾದ ಮೇಲೆ ಬನ್ನಿ. ಹೋಟೆಲ್ ನಂದು, ಬಿಲ್ಲೂ ನಂದೇ.

ಹಡಪ್ಸರ್ ಅಜ್ಜ · ಮಂಗಳವಾರ ಬೆಳಿಗ್ಗೆ

ತಂಗೀ, ನಾನು ಕಲಬುರಗಿಯವ. ಪಿಂಪ್ರಿ ಕಡೆ ಕಾರ್ಖಾನೆಯಲ್ಲಿ 31 ವರ್ಷ ದುಡಿದು ಈಗ ಮೊಮ್ಮಕ್ಕಳ ಸೈಕಲ್ ರಿಪೇರಿ ಮಾಡಿಕೊಂಡು ಕೂತಿದ್ದೇನೆ. ಇಲ್ಲಿ ಎಲ್ಲರೂ ಯಾವ ಪಾರ್ಟ್ ಅಂತ ಹೇಳುತ್ತಿದ್ದಾರೆ. ಅದು ಆಮೇಲೆ. ಇಂಜಿನ್‌ಗೆ ಬೇಕಾದದ್ದು ಮೂರು: ಪೆಟ್ರೋಲ್, ಕಿಡಿ, ಒತ್ತಡ. ನಿಂತ ಕ್ಷಣದಲ್ಲಿ ಈ ಮೂರರಲ್ಲಿ ಯಾವುದು ಇಲ್ಲ ಅನ್ನುವುದನ್ನು ನೋಡಬೇಕು. ನಿಂತ ಕ್ಷಣದಲ್ಲಿ, ನೆನಪಿರಲಿ. ಮನೆಗೆ ಬಂದು ಚಹಾ ಕುಡಿದು ನೋಡಿದರೆ ಕಾಯಿಲೆಯೇ ಇರುವುದಿಲ್ಲ.

ಪೆಟ್ರೋಲ್ ನೋಡುವುದು ಹೀಗೆ. ಕಾರ್ಬೊರೇಟರ್ ತಳದಲ್ಲಿ ಒಂದು ಬಟ್ಟಲಿದೆ. ಅದಕ್ಕೊಂದು ಡ್ರೈನ್ ಸ್ಕ್ರೂ, ಅದರಿಂದ ಕೆಳಗೆ ಒಂದು ಸಣ್ಣ ಪೈಪ್ ಇರುತ್ತದೆ. ಗಾಡಿ ನಿಂತ ಕೂಡಲೇ ಕೀ ಆಫ್ ಮಾಡಿ, ಆ ಪೈಪಿನ ತುದಿಯನ್ನು ಸಣ್ಣ ಬಾಟಲಿಗೆ ಇಟ್ಟು ಸ್ಕ್ರೂ ಎರಡು ಸುತ್ತು ಸಡಿಲ ಮಾಡು. ಬಟ್ಟಲು ತುಂಬಿದ್ದರೆ ಪೆಟ್ರೋಲ್ ಸರಿಯಾಗಿ ಬರುತ್ತಿದೆ. ನಾಲ್ಕು ಹನಿ ಬಿದ್ದು ನಿಂತರೆ ಟ್ಯಾಂಕಿನಿಂದ ಬರುವ ದಾರಿಯಲ್ಲಿ ತೊಂದರೆ. ಸೈಲೆನ್ಸರ್ ಮೇಲೆ ಒಂದು ಹನಿಯೂ ಬೀಳಬಾರದು. ಹತ್ತಿರ ಯಾರೂ ಬೀಡಿ ಹಚ್ಚಬಾರದು.

ಕಿಡಿ ಆಮೇಲೆ. ಬಾಟಲಿಗೆ ಮುಚ್ಚಳ ಹಾಕಿ, ಸ್ಕ್ರೂ ಬಿಗಿ ಮಾಡಿ, ಬಾಟಲಿಯನ್ನು ದೂರ ಇಟ್ಟ ಮೇಲೆ. ಹಳೆಯ ಪ್ಲಗ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿರು. ಇಂಜಿನ್ ಪ್ಲಗ್‌ನ ಕ್ಯಾಪ್ ಕಿತ್ತು ಅದಕ್ಕೆ ಸಿಕ್ಕಿಸಿ, ಪ್ಲಗ್‌ನ ಕಬ್ಬಿಣವನ್ನು ಇಂಜಿನ್ ಕಬ್ಬಿಣಕ್ಕೆ ತಾಗಿಸಿಟ್ಟು ಕೀ ಆನ್ ಮಾಡಿ ಕಿಕ್ ಹೊಡೆ. ಇಂಜಿನ್ನಲ್ಲಿರುವ ಪ್ಲಗ್ ಬಿಚ್ಚಬೇಡ, ತೂತು ಮುಚ್ಚಿರಲಿ. ನೀಲಿ ಕಿಡಿ ಟಪ್ ಟಪ್ ಬಂದರೆ ಕಾಯಿಲ್, ಸಿಡಿಐ ಎರಡೂ ಪಾಸ್. ಕೈಗೆ ಹೊಡೆಸಿಕೊಳ್ಳಬೇಡ, ಒಣ ಬಟ್ಟೆಯಲ್ಲಿ ಹಿಡಿ.

ಇದು ಮಾಡದೆ ಒಂದು ರೂಪಾಯಿ ಪಾರ್ಟೂ ಕೊಳ್ಳಬೇಡ.

ಹಿಂಜವಡಿ ಹಾರಾಟ · ಮಂಗಳವಾರ ಬೆಳಿಗ್ಗೆ

ಕಿಡಿ ಬರುವುದಿಲ್ಲ, ಬೇಕಾದರೆ ಬರೆದು ಕೊಡುತ್ತೇನೆ.

ಧನಕವಡಿ ಸೊಸೆ · ಬುಧವಾರ ರಾತ್ರಿ

ಬರೆದುಕೊಡಿ ತಮ್ಮಾ, ಫ್ರೇಮ್ ಹಾಕಿಸುತ್ತೇನೆ. ಕಿಡಿ ಬಂತು. ನೀಲಿ, ಜೋರಾಗಿ.

ಶಾಲೆಯಿಂದ ಬರುವಾಗ ಮಾಡಿದೆ. ಬ್ಯಾಗಿನಲ್ಲಿ ನೋಟ್ ಪುಸ್ತಕಗಳ ನಡುವೆ ಸ್ಕ್ರೂಡ್ರೈವರ್, ಹಳೆ ಪ್ಲಗ್, ಬಾಟಲಿ. ಒಬ್ಬ ರಿಕ್ಷಾದವರು ನಿಂತು ‘ತಾಈ, ಮದತ್ ಪಾಹಿಜೆ ಕಾ?’ (ಸಹಾಯ ಬೇಕಾ?) ಅಂದರು. ಬೇಡ ಅಂದರೂ ಹೋಗಲಿಲ್ಲ, ಟಾರ್ಚ್ ಹಿಡಿದುಕೊಂಡು ಕೂತರು. ಪೆಟ್ರೋಲ್ ಕಟಿಂಗ್ ಚಹಾದ ಅರ್ಧ ಗ್ಲಾಸಿನಷ್ಟು ಒಂದೇ ಧಾರೆಯಲ್ಲಿ ಬಂತು. ಅಂದರೆ ಬಟ್ಟಲು ತುಂಬಿತ್ತು. ಕಿಡಿಯನ್ನು ರಿಕ್ಷಾದವರೂ ನೋಡಿದರು, ‘ಏಕದಮ್ ಭಾರಿ’ ಅಂದರು.

ಪೆಟ್ರೋಲ್ ಇದೆ, ಕಿಡಿ ಇದೆ. ಉಳಿದದ್ದು ಒತ್ತಡ, ಅಲ್ವಾ ಅಜ್ಜಾ?

ಪಿಂಪ್ರಿ ಮೇಷ್ಟ್ರು · ಬುಧವಾರ ರಾತ್ರಿ

ಈಗ ಹೇಳುತ್ತೇನೆ. ‘ದಾರಿಯಲ್ಲಿ ನಿಂತಾಗ ಕಿಕ್ ಹೂವಿನಷ್ಟು ಹಗುರ’ ಅಂದಿರಲ್ಲ, ನನಗೆ ಕಚ್ಚಿಕೊಂಡದ್ದು ಅದು. ನೀವು ಪುಣ್ಯ ಅಂದುಕೊಂಡಿರಿ. ಕಿಕ್ ಯಾಕೆ ಗಟ್ಟಿ ಇರುತ್ತದೆ? ಪಿಸ್ಟನ್ ಮೇಲೆ ಬರುವಾಗ ಒಳಗಿನ ಗಾಳಿಯನ್ನು ಒತ್ತಬೇಕು, ಅದಕ್ಕೆ. ಬಿಸಿಯಾದಾಗ ಕಿಕ್ ಹಗುರವಾಯಿತು ಅಂದರೆ ಆ ಗಾಳಿ ಎಲ್ಲೋ ಸೋರಿ ಹೋಗುತ್ತಿದೆ. ಐಟಿಐಯಲ್ಲಿ ನನ್ನ ಹುಡುಗರಿಗೆ ಮೊದಲ ದಿನ ಕೈಯಿಂದ ಕಿಕ್ಕರ್ ಒತ್ತಿಸುತ್ತೇನೆ. ಅರ್ಧ ಕಾಯಿಲೆ ಕೈಗೇ ಗೊತ್ತಾಗುತ್ತದೆ.

ಸೋರುವುದು ಎರಡು ಕಡೆ. ಕೆಳಗೆ ಪಿಸ್ಟನ್ ರಿಂಗ್ ಪಕ್ಕದಲ್ಲಿ, ಇಲ್ಲವೇ ಮೇಲೆ ವಾಲ್ವ್‌ಗಳಲ್ಲಿ. ರಿಂಗ್ ಸವೆದಿದ್ದರೆ ತಣ್ಣಗಿದ್ದಾಗಲೂ ಒಂದಿಷ್ಟು ತೊಂದರೆ ಇರಬೇಕು, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರಬೇಕು, ಆಯಿಲ್ ಕಡಿಮೆಯಾಗಬೇಕು. ನಿಮ್ಮದು ಬೆಳಿಗ್ಗೆ ಗಟ್ಟಿಮುಟ್ಟು. ನನ್ನ ಅನುಮಾನ ವಾಲ್ವ್ ಮೇಲೆ. ಸರಿಯಾಗಿ ಹೇಳಬೇಕೆಂದರೆ ಟ್ಯಾಪೆಟ್ ಮೇಲೆ, ಅಂದರೆ ವಾಲ್ವ್ ಒತ್ತುವ ಕಡೆ ಬಿಡುವ ಸಂದಿನ ಮೇಲೆ.

ಒಂದು ಪ್ರಶ್ನೆ. ಈ ತೊಂದರೆ ಶುರುವಾಗುವ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದಿರಿ? ಆಮೇಲಿನದಲ್ಲ, ಮುಂಚಿನದು.

ಧನಕವಡಿ ಸೊಸೆ · ಗುರುವಾರ ಬೆಳಿಗ್ಗೆ

ಏನೂ ಇಲ್ಲ ಅಂತ ಬರೆಯಲು ಹೊರಟಿದ್ದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮಾವನವರನ್ನು ಕೇಳಿದೆ. ‘ಆ ಟಕ ಟಕ ಸದ್ದು ತೆಗೆಸಿದ್ದೆನಲ್ಲ’ ಅಂದರು.

ನನಗೆ ನೆನಪೇ ಇರಲಿಲ್ಲ. ಇಂಜಿನ್ ಹೊಲಿಗೆ ಮಷಿನ್ ಥರ ಸದ್ದು ಮಾಡುತ್ತದೆ ಅಂತ ಮಾವನೇ ಗ್ಯಾರೇಜಿಗೆ ಒಯ್ದಿದ್ದರು. ಹುಡುಗ ಹತ್ತು ನಿಮಿಷದಲ್ಲಿ ಏನೋ ಬಿಗಿ ಮಾಡಿ, ನೂರು ರೂಪಾಯಿ ತೆಗೆದುಕೊಂಡು ಕೊಟ್ಟ. ಇಂಜಿನ್ ಗಪ್‌ಚಿಪ್. ಮಾವನಿಗೆ ಬಹಳ ಖುಷಿ. ನಿಂತು ಹೋಗುವುದು ಶುರುವಾಗಿದ್ದು ಅದಾದ ಎರಡು ವಾರಕ್ಕೆ. ಎರಡಕ್ಕೂ ಸಂಬಂಧ ಇದೆಯೆಂದು ಯಾರಿಗೂ ಹೊಳೆಯಲಿಲ್ಲ.

ಹಡಪ್ಸರ್ ಅಜ್ಜ · ಗುರುವಾರ ಬೆಳಿಗ್ಗೆ

ಅಲ್ಲಿಗೆ ಬಂತು ನೋಡವ್ವಾ. ಆ ಟಕ ಟಕ ಬದುಕಿನ ಲಕ್ಷಣ ಕಣೆ.

ನನ್ನ ಕಾಲದಲ್ಲಿ ಸ್ಕೂಟರ್ ಅಂದರೆ ಟೂ ಸ್ಟ್ರೋಕ್. ನಿಂತರೆ ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುತ್ತಿದ್ದೆವು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಗುಂಡಿ ಒತ್ತಿದರೆ ಸ್ಟಾರ್ಟ್. ಜನ ನಿಂತು ನೋಡುತ್ತಿದ್ದರು. ಅದೂ ಟೂ ಸ್ಟ್ರೋಕೇ. ಅವುಗಳಲ್ಲಿ ಟ್ಯಾಪೆಟ್ ಅನ್ನುವುದೇ ಇಲ್ಲ. ಹಾಗಾಗಿ ಆ ಕಾಲದ ನಮ್ಮಂಥವರಿಗೆ ಫೋರ್ ಸ್ಟ್ರೋಕಿನ ಸದ್ದು ಕೇಳಿದರೆ ಏನೋ ಸಡಿಲ ಆಗಿದೆ ಅನ್ನಿಸುತ್ತದೆ. ನಿಮ್ಮ ಮಾವನ ತಪ್ಪೂ ಅಲ್ಲ.

ವಾಲ್ವ್ ಅಂದರೆ ಉದ್ದ ಕಡ್ಡಿಯ ಅಣಬೆ ಇದ್ದ ಹಾಗೆ. ಕಡ್ಡಿಯ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಯಾಕೆ? ಬಿಸಿಯಾದರೆ ಕಡ್ಡಿ ಉದ್ದವಾಗುತ್ತದೆ. ಬೆಳೆಯಲು ಜಾಗ ಬೇಕಲ್ಲ. ಆ ಸಂದಿಯಲ್ಲಿ ರಾಕರ್ ಬಡಿಯುವುದೇ ಟಕ ಟಕ. ಸಂದಿಲ್ಲದಂತೆ ಬಿಗಿ ಮಾಡಿದರೆ ತಣ್ಣಗಿದ್ದಾಗ ಹೇಗೋ ನಡೆಯುತ್ತದೆ. ಬಿಸಿಯಾದಾಗ ಉದ್ದವಾದ ಕಡ್ಡಿ ರಾಕರ್‌ಗೆ ತಾಗಿ, ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿಗೆ ಚಿಲಕ ಬೀಳುವುದಿಲ್ಲ, ಹಾಗೆ.

ಕ್ಯಾಂಪ್ ಕಾಫಿ · ಗುರುವಾರ ಮಧ್ಯಾಹ್ನ

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕುಕ್ಕರಿನ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ಬೆಂಕಿ ಎಷ್ಟು ಹಚ್ಚಿದರೂ ಸೀಟಿ ಬರುವುದಿಲ್ಲ.

ಪಿಂಪ್ರಿ ಮೇಷ್ಟ್ರು · ಗುರುವಾರ ಮಧ್ಯಾಹ್ನ

ಇನ್ನೊಂದು ಸೇರಿಸುತ್ತೇನೆ, ಇದು ಮುಖ್ಯ. ಸುಟ್ಟ ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ವಾಲ್ವ್ ಸದಾ ಬೆಂಕಿಯಲ್ಲೇ ಇರುತ್ತದೆ. ತನ್ನ ಬಿಸಿಯ ಹೆಚ್ಚಿನ ಪಾಲನ್ನು ಅದು ಕಳೆದುಕೊಳ್ಳುವುದು ಮುಚ್ಚಿಕೊಂಡು ಸೀಟಿಗೆ (ವಾಲ್ವ್ ಕೂರುವ ಅಂಚಿಗೆ) ಒತ್ತಿ ಕೂತಾಗ. ಕೂರಲು ಬಿಡದಿದ್ದರೆ ಬಿಸಿ ಹೋಗುವ ದಾರಿಯಿಲ್ಲ, ಅಂಚು ಸುಡುತ್ತದೆ. ಸಂದು ಜಾಸ್ತಿ ಇದ್ದರೆ ಸದ್ದು ಮಾಡಿ ಹೇಳುತ್ತದೆ. ಕಡಿಮೆ ಇದ್ದರೆ ಸದ್ದಿಲ್ಲದೆ ಸುಡುತ್ತದೆ. ಹಾಗಾಗಿ ಸರಿಯಾಗುವ ತನಕ ಗಾಡಿ ಓಡಿಸಬೇಡಿ. ನಾಲ್ಕು ತಿಂಗಳು ಓಡಿಸಿದ್ದೀರಿ, ಅಂಚು ಉಳಿದಿದೆಯೋ ಇಲ್ಲವೋ ಅಳೆದ ಮೇಲೆ ಗೊತ್ತಾಗಬೇಕು.

ಹಡಪ್ಸರ್ ಅಜ್ಜ · ಗುರುವಾರ ಸಂಜೆ

ನನ್ನ ಹತ್ತಿರ ಕಂಪ್ರೆಶನ್ ಗೇಜ್, ಅಂದರೆ ಇಂಜಿನ್ನಿನ ಒತ್ತಡ ಅಳೆಯುವ ಮೀಟರ್ ಇದೆ. ಇಂಥ ಸಣ್ಣ ಸ್ಕೂಟರ್‌ಗೆ ಸಾಮಾನ್ಯವಾಗಿ 10 ಮಿ.ಮೀ. ಥ್ರೆಡ್‌ನ ಪ್ಲಗ್, ಅದಕ್ಕೆ ಬೇಕಾದ ಅಡಾಪ್ಟರ್ ಕೂಡ ಇದೆ. ಯಾರನ್ನಾದರೂ ಕಳಿಸು, ಕೊಡುತ್ತೇನೆ. ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ನಾನಾ ಪೇಠದಲ್ಲಿ ಕೊಂಡುಕೋ, ಅದು ಮನೆಯಲ್ಲಿ ಇರಬೇಕಾದ ವಸ್ತು. ತೆಳು ಎಲೆ 0.05ರಿಂದ ಶುರುವಾಗುವುದನ್ನೇ ಕೇಳು.

ಧನಕವಡಿ ಸೊಸೆ · ಶನಿವಾರ ಸಂಜೆ

ಯಜಮಾನರು ಹೋಗಿ ಗೇಜ್ ತಂದರು. ಅಜ್ಜ ಅವರಿಗೆ ಶೇಂಗಾ ಹೋಳಿಗೆ ತಿನ್ನಿಸಿ ಒಂದು ಗಂಟೆ ಪಾಠವನ್ನೂ ಹೇಳಿ ಕಳಿಸಿದ್ದಾರೆ.

ಪ್ಲಗ್ ಬಿಚ್ಚಿ ಗೇಜ್ ಸಿಕ್ಕಿಸಿ, ಕೀ ಆಫ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್. ತಣ್ಣಗಿದ್ದಾಗ 140 ಪಿಎಸ್‌ಐ. ಪಾರ್ಕಿಂಗ್‌ನಿಂದ ಹೊರಗೆ ತಂದು ಹದಿನೈದು ನಿಮಿಷ ಸ್ಟಾರ್ಟ್ ಇಟ್ಟೆ. ಇದನ್ನು ಅಳೆಯಲು ಓಡಿಸಲೇಬೇಕಿತ್ತು, ಮೇಷ್ಟ್ರು ಬೈಯಬಾರದು. ಬಿಸಿಯಲ್ಲಿ 70. ಅರ್ಧಕ್ಕೆ ಅರ್ಧ! ಅಜ್ಜ ಹೇಳಿದಂತೆ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. 75. ಅಜ್ಜನ ಲೆಕ್ಕದಲ್ಲಿ ರಿಂಗ್ ಸೋರುತ್ತಿದ್ದರೆ ಆಯಿಲ್ ಆ ಸಂದನ್ನು ಮುಚ್ಚಿ ಮುಳ್ಳು ಚೆನ್ನಾಗಿ ಏರಬೇಕಿತ್ತು. ಏರಲಿಲ್ಲ. ಅಲ್ಲಿಗೆ ವಾಲ್ವ್.

ನಾಳೆ ಬೆಳಿಗ್ಗೆ ಬಿಚ್ಚುತ್ತೇನೆ. ಇಂಜಿನ್ ರಾತ್ರಿಯಿಡೀ ತಣ್ಣಗಿರಬೇಕಂತೆ.

ಧನಕವಡಿ ಸೊಸೆ · ಭಾನುವಾರ ಬೆಳಿಗ್ಗೆ

ಸಹಾಯ ಬೇಕು, ಗಾಡಿ ಬಿಚ್ಚಿ ಕೂತಿದ್ದೇನೆ. ಸೀಟಿನ ಕೆಳಗಿನ ಡಬ್ಬಿ ಹೊರಗೆ, ಹೆಡ್ ಕವರ್ ತೆಗೆದಾಗಿದೆ, ಪ್ಲಗ್ ಹೊರಗಿದೆ. ಇಂಜಿನ್ ಫ್ಯಾನ್ ಕೈಯಲ್ಲಿ ತಿರುಗಿಸಿ ‘ಟಿ’ ಗುರುತಿಗೆ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ) ತಂದೆ. ಪುಸ್ತಕದಲ್ಲಿ ‘ಎರಡೂ ರಾಕರ್ ಸಡಿಲ ಇರಬೇಕು, ಇಲ್ಲದಿದ್ದರೆ ಇನ್ನೊಂದು ಸುತ್ತು ತಿರುಗಿಸಿ’ ಅಂತಿದೆ. ನನ್ನದರಲ್ಲಿ ಕೆಳಗಿನ ರಾಕರ್ ಎಷ್ಟು ಸುತ್ತಿದರೂ ಸಡಿಲವೇ ಆಗುವುದಿಲ್ಲ. ಯಾವ ‘ಟಿ’ ಸರಿ ಅಂತ ಹೇಗೆ ತಿಳಿಯುವುದು?

ಹಡಪ್ಸರ್ ಅಜ್ಜ · ಭಾನುವಾರ ಬೆಳಿಗ್ಗೆ

ಸಡಿಲ ಆಗದೇ ಇರುವುದೇ ಅದರ ಕಾಯಿಲೆ. ಹೆದರಬೇಡ. ಮೇಲಿನದು, ಅಂದರೆ ಕಾರ್ಬೊರೇಟರ್ ಕಡೆಯದು, ಇನ್‌ಲೆಟ್, ಗಾಳಿ-ಪೆಟ್ರೋಲ್ ಒಳಗೆ ಬರುವ ವಾಲ್ವ್. ಕಣ್ಣು ಅದರ ಮೇಲೆ ಇಡು. ಫ್ಯಾನ್‌ಅನ್ನು ಇಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸು. ಇನ್‌ಲೆಟ್ ವಾಲ್ವ್ ಒಳಗೆ ಹೋಗಿ ಪೂರ್ತಿ ಮೇಲೆ ಬಂದ ನಂತರ ಮೊದಲು ಬರುವ ‘ಟಿ’ ಇದೆಯಲ್ಲ, ಅದೇ ಸರಿ. ಅಲ್ಲಿ ನಿಲ್ಲಿಸು.

ಧನಕವಡಿ ಸೊಸೆ · ಭಾನುವಾರ ಮಧ್ಯಾಹ್ನ

ಸಿಕ್ಕಿತು. ಎಕ್ಸಾಸ್ಟ್‌ನಲ್ಲಿ 0.05ರ ಎಲೆಯೂ ತೂರಲಿಲ್ಲ. ಸಂದೇ ಇಲ್ಲ. ಇನ್‌ಲೆಟ್‌ನಲ್ಲಿ 0.05 ಕಷ್ಟಪಟ್ಟು ಹೋಯಿತು. ನಮ್ಮ ಗಾಡಿಯ ಪುಸ್ತಕದಲ್ಲಿ ಎರಡಕ್ಕೂ 0.14 ಮಿ.ಮೀ. ಅಂತಿದೆ. ಓದುವವರು ನಿಮ್ಮ ಗಾಡಿಯ ಪುಸ್ತಕವನ್ನೇ ನೋಡಿ, ನನ್ನ ಅಂಕಿ ಹಾಕಬೇಡಿ.

ಸೆಟ್‌ನಲ್ಲಿ 0.14ರ ಎಲೆ ಇಲ್ಲ. ಮೇಷ್ಟ್ರು ಫೋನಿನಲ್ಲಿ ಉಪಾಯ ಹೇಳಿದರು: 0.13 ಹೋಗಬೇಕು, 0.15 ಹೋಗಬಾರದು. ಲಾಕ್‌ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಸರಿಯಾಯಿತು ಅಂತ ನಟ್ ಬಿಗಿ ಮಾಡಿದರೆ ಸ್ಕ್ರೂ ಕೂಡ ಜೊತೆಗೆ ತಿರುಗಿ ಅಳತೆ ಕೆಡುತ್ತದೆ. ಐದು ಸಲ ಕೆಟ್ಟಿತು. ಕೊನೆಗೆ ಯಜಮಾನರು ಇಕ್ಕಳದಲ್ಲಿ ಸ್ಕ್ರೂ ಹಿಡಿದರು, ನಾನು ನಟ್ ಬಿಗಿ ಮಾಡಿದೆ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಇಬ್ಬರೂ ಒಂದೇ ಕಡೆಗೆ ತಿರುಗಿಸಿದ್ದು ಇದೇ ಮೊದಲು. ಬಿಗಿ ಮಾಡಿದ ಮೇಲೆ ಮತ್ತೆ ಎಲೆ ತೂರಿಸಿ ನೋಡಿದೆ. ಸರಿ ಇತ್ತು.

ಸ್ಟಾರ್ಟ್ ಮಾಡಿದೆ. ಟಕ ಟಕ ಟಕ. ಮಾವ ಬಾಲ್ಕನಿಯಿಂದ ‘ಹಾಳು ಮಾಡಿಬಿಟ್ಟೆಯಲ್ಲಮ್ಮಾ’ ಅಂದರು.

ಹಿಂಜವಡಿ ಹಾರಾಟ · ಭಾನುವಾರ ಮಧ್ಯಾಹ್ನ

ಓಡಿಸಿ ನೋಡಿ ಅಕ್ಕಾ ಬೇಗ. ಊಟ ಬಿಟ್ಟು ಕೂತಿದ್ದೇನೆ.

ಧನಕವಡಿ ಸೊಸೆ · ಭಾನುವಾರ ರಾತ್ರಿ

ಕೊಂಢವಾ ಏರು ಬಿಡಿ, ಹಳೇ ಕಾತ್ರಜ್ ಘಾಟಿನಲ್ಲಿ ಸುರಂಗದ ತನಕ ಹೋಗಿ ಬಂದೆ, ಯಜಮಾನರನ್ನು ಹಿಂದೆ ಕೂರಿಸಿಕೊಂಡು. ಎಲ್ಲೂ ನಿಲ್ಲಲಿಲ್ಲ. ಮೇಲೆ ಬೇಕಂತಲೇ ಆಫ್ ಮಾಡಿ ಕೂಡಲೇ ಕಿಕ್ ಹೊಡೆದೆ. ಗಟ್ಟಿ! ಕಾಲು ನೋಯಿತು. ಅಷ್ಟು ಖುಷಿಯ ಕಾಲು ನೋವು ನಾನು ಕಂಡಿಲ್ಲ.

ಬಂದು ಬಿಸಿಯಲ್ಲೇ ಅಳೆದೆ: 120.

ಪಿಂಪ್ರಿ ಮೇಷ್ಟ್ರು · ಭಾನುವಾರ ರಾತ್ರಿ

70ರಿಂದ 120 ಒಳ್ಳೆಯದೇ. ಆದರೆ 140ಕ್ಕೆ ಇನ್ನೂ ದೂರ ಇದೆ. ವಾಲ್ವ್ ಅಂಚು ಅಥವಾ ಸೀಟು ಸ್ವಲ್ಪ ತಿಂದಿರಬಹುದು. 500 ಕಿ.ಮೀ. ಓಡಿಸಿ ಸಂದನ್ನು ಮತ್ತೆ ಅಳೆಯಿರಿ. 0.14 ಹಾಗೇ ಇದ್ದರೆ ಚಿಂತೆ ಇಲ್ಲ. ಮತ್ತೆ ಕಡಿಮೆಯಾಗಿದ್ದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ ಅಂತ. ಆಗ ಹೆಡ್ ಬಿಚ್ಚಿ ವಾಲ್ವ್ ಗ್ರೈಂಡಿಂಗ್ ಮಾಡಿಸಬೇಕು. ಅದು ಮನೆಯಲ್ಲಿ ಬೇಡ.

ಖಡಕಿ ಖಾರ · ಸೋಮವಾರ ಬೆಳಿಗ್ಗೆ

ಆ ಗ್ಯಾರೇಜಿನವನ ಹತ್ತಿರ 4,200 ವಾಪಸ್ ಕೇಳಿ. ಬಿಡಬೇಡಿ.

ಧನಕವಡಿ ಸೊಸೆ · ಸೋಮವಾರ ರಾತ್ರಿ

ಜಗಳಕ್ಕೇ ಹೋಗಿದ್ದೆ. ಫೀಲರ್ ಗೇಜ್ ತೋರಿಸಿದೆ. ಅವನ ಹತ್ತಿರವೂ ಇದೆ, ಗ್ರೀಸ್ ಮೆತ್ತಿಕೊಂಡು ಡಬ್ಬಿಯ ತಳದಲ್ಲಿ. ‘ತಾಈ, ಸದ್ದಿದ್ದರೆ ಗಿರಾಕಿ ದುಡ್ಡು ಕೊಡಲ್ಲ, ಕಿವಿಗೆ ಸರಿಯಾಗುವ ತನಕ ಬಿಗಿ ಮಾಡುತ್ತೇವೆ’ ಅಂದ. ನಮ್ಮ ಮಾವನೇ ಹಾಗೆ ಮಾಡಿಸಿದ್ದು, ಏನು ಹೇಳಲಿ? ಆದರೆ ಮೂರು ಸಲ ಕಾರ್ಬೊರೇಟರ್ ತೊಳೆದ ದುಡ್ಡಿನ ಬಗ್ಗೆ ಮಾತ್ರ ಚೆನ್ನಾಗಿ ಕೇಳಿದೆ. ಮುಂದಿನ ಆಯಿಲ್ ಬದಲಾವಣೆ ಪುಕ್ಕಟೆ ಅಂತ ಒಪ್ಪಿದ್ದಾನೆ.

ಧನಕವಡಿ ಸೊಸೆ · ಮೂರು ವಾರದ ನಂತರ

540 ಕಿ.ಮೀ. ಆಯಿತು. ಇವತ್ತು ಬೆಳಿಗ್ಗೆ ತಣ್ಣನೆ ಇಂಜಿನ್‌ನಲ್ಲಿ ಅಳೆದೆ. ಇನ್‌ಲೆಟ್ 0.13 ಹೋಗುತ್ತದೆ, 0.15 ಹೋಗುವುದಿಲ್ಲ. ಎಕ್ಸಾಸ್ಟ್ 0.13 ಸ್ವಲ್ಪ ಬಿಗಿ, 0.12 ಸಲೀಸು. ಬಿಸಿಯಲ್ಲಿ ಕಂಪ್ರೆಶನ್ 125. ದಾರಿಯಲ್ಲಿ ಒಂದು ದಿನವೂ ನಿಂತಿಲ್ಲ.

8,000ಕ್ಕೆ ಕೇಳಿದವನು ಮತ್ತೆ ಬಂದಿದ್ದ. ಮಾವನೇ ವಾಪಸ್ ಕಳಿಸಿದರು. ಸದ್ದು ಮಾತ್ರ ಅವರಿಗೆ ಇನ್ನೂ ಸಹಿಸುವುದಿಲ್ಲ, ಹಾಗಾಗಿ 10 ನಂಬರ್ ಸ್ಪ್ಯಾನರ್ ನನ್ನ ಶಾಲೆಯ ಬ್ಯಾಗಿನಲ್ಲೇ ಇದೆ.

ಪಿಂಪ್ರಿ ಮೇಷ್ಟ್ರು · ಅದೇ ದಿನ

ಎಕ್ಸಾಸ್ಟ್ ಕೂದಲೆಳೆ ಇಳಿದಿದೆ. ಈಗಲೇ ಮುಟ್ಟಬೇಡಿ. ಇನ್ನು 1,000 ಕಿ.ಮೀ.ಗೆ ಮತ್ತೊಮ್ಮೆ ಅಳೆದು ಇಲ್ಲೇ ಬರೆಯಿರಿ.

ಹಿಂಜವಡಿ ಹಾರಾಟ · ಅದೇ ದಿನ

ಅಜ್ಜಾ, ಆ ಗೇಜ್ ಇನ್ನೂ ಅಕ್ಕನ ಹತ್ತಿರ ಇದ್ದರೆ ಈ ಭಾನುವಾರ ನಾನು ಒಯ್ಯಲಾ? ನನ್ನ ಆ ಹಳೇ ಬೈಕ್ ಕೂಡ ಈಚೆಗೆ ಬಹಳ ಸೈಲೆಂಟ್ ಆಗಿದೆ. ಕಾಯಿಲ್ ಬದಲಿಸಿದ ಮೇಲೂ ನಿಲ್ಲುವುದು ಪೂರ್ತಿ ಹೋಗಿರಲಿಲ್ಲ, ಆಗ ಹೇಳಿರಲಿಲ್ಲ ಅಷ್ಟೇ.

ಹಡಪ್ಸರ್ ಅಜ್ಜ · ಅದೇ ದಿನ

ಒಯ್ಯಪ್ಪಾ. ಅಡಾಪ್ಟರ್ ಮರೆಯದೆ ವಾಪಸ್ ತಾ. ಹೋಳಿಗೆ ಮುಗಿದಿದೆ, ಚಹಾ ಇದೆ.